ನೀರೊಳಗೆ ಊದುವವರು

ನಂಜನಗೂಡಿನ ಆಚೆಗೆ, ಕಪಿಲೆಯ ನೀರುಣ್ಣುವ ಊರುಗಳಲ್ಲಿ, ಕೋಳಿ ಕೂಗುವ ಮೊದಲೇ ಕೆಮ್ಮು ಕೇಳುತ್ತದೆ. ಒಂದು ಜಗಲಿಯಲ್ಲಿ ಶುರುವಾದದ್ದು ಎದುರು ಸಾಲಿನ ಮನೆಯಲ್ಲಿ ಮುಂದುವರಿಯುತ್ತದೆ. ನೆಗಡಿಯ ಕೆಮ್ಮಲ್ಲ ಅದು, ಗಂಟಲು ಕೆರೆತದ ಒಣಕೆಮ್ಮೂ ಅಲ್ಲ. ಎದೆಯ ತಳದಿಂದ ಏಳುವ, ಒದ್ದೆಯಾದ, ಗೊರಗೊರ ಕೆಮ್ಮು. ರಾತ್ರಿಯಿಡೀ ಮಲಗಿದ್ದಾಗ ಶ್ವಾಸನಾಳಗಳಲ್ಲಿ ನಿಂತಿದ್ದ ಕಫ ಎದ್ದು ಕೂತ ಕೂಡಲೇ ಅಲುಗಾಡುತ್ತದೆ. ಅಲುಗಿದ್ದು ಮೇಲೆ ಬರಬೇಕು, ಬರುವುದಿಲ್ಲ. ಎರಡು ಕೈಯನ್ನೂ ಮಂಡಿಗೆ ಊರಿ, ಕತ್ತಿನ ನರ ಉಬ್ಬಿ, ಕಣ್ಣಲ್ಲಿ ನೀರು ಬಂದು, ಇನ್ನೇನು ಉಸಿರೇ ನಿಂತಿತು ಅನ್ನುವ ಹೊತ್ತಿಗೆ ಒಂದಿಷ್ಟು ಕಫ ಕಿತ್ತುಕೊಂಡು ಬರುತ್ತದೆ. ಪಕ್ಕದಲ್ಲಿ ಬೂದಿ ಹಾಕಿಟ್ಟ ಕರಟ ಇರುತ್ತದೆ. ಅದಕ್ಕೆ ಉಗುಳಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಮತ್ತೆ ಶುರು.

ಒಳಗೆ ಮಲಗಿದವರು ಮಗ್ಗುಲು ಬದಲಿಸುತ್ತಾರೆ. ವಯಸ್ಸಾಯಿತು, ದಮ್ಮು, ಇದ್ದದ್ದೇ. ಊರಿಗೆ ಊರೇ ಹೀಗೆ ಒಪ್ಪಿಕೊಂಡುಬಿಟ್ಟಿದೆ. ಮುಂಜಾವಿನ ಆ ಅರ್ಧ ಗಂಟೆಯ ಒದ್ದಾಟವನ್ನು ಕಡಿಮೆ ಮಾಡಲು ದಾರಿ ಇದೆ, ಕೆಲವರಿಗೆ ಅದಕ್ಕೆ ಬೇಕಾದ ಸಾಮಾನು ಒಂದು ಖಾಲಿ ಬಾಟಲಿ ಮತ್ತು ಎರಡಡಿ ಪೈಪು ಮಾತ್ರ ಎಂಬ ಸುದ್ದಿ ಈ ಜಗಲಿಗಳಿಗೆ ಇನ್ನೂ ಮುಟ್ಟಿಲ್ಲ. ಸಾಮಾನಿನ ಜೊತೆಗೆ ಬೇಕಾದದ್ದು ಇನ್ನೊಂದಿದೆ: ಪಕ್ಕದಲ್ಲಿ ಕೂತು ಊದುವುದನ್ನು ಕಲಿಸುವ ಒಬ್ಬ ಮನುಷ್ಯ. ಕೊರತೆ ಇರುವುದು ಅಲ್ಲೇ.

ಕಫ ನಮ್ಮ ಶತ್ರುವಲ್ಲ. ಎಂಥ ಗಟ್ಟಿಮುಟ್ಟಾದವರ ಶ್ವಾಸನಾಳದ ಒಳಗೋಡೆಯಲ್ಲೂ ಲೋಳೆಯ ತೆಳು ಪದರ ಇದ್ದೇ ಇರುತ್ತದೆ. ಅದರಲ್ಲಿ 97 ಪಾಲು ನೀರೇ. ಉಸಿರಿನ ಜೊತೆ ಒಳಹೋದ ದೂಳು, ಮಸಿ, ರೋಗಾಣು ಅದಕ್ಕೆ ಅಂಟಿಕೊಳ್ಳುತ್ತವೆ. ಪದರದ ಅಡಿಯಲ್ಲಿ ಕಣ್ಣಿಗೆ ಕಾಣದ ರೋಮಗಳಿವೆ. ಒಂದೊಂದು ಜೀವಕೋಶದ ಮೇಲೆ ಸುಮಾರು 200. ಸೆಕೆಂಡಿಗೆ 10ರಿಂದ 15 ಸಲ, ಎಲ್ಲವೂ ಒಂದೇ ದಿಕ್ಕಿಗೆ ಬಡಿಯುತ್ತಾ ಲೋಳೆಯನ್ನು ಗಂಟಲಿನ ಕಡೆಗೆ ಸಾಗಿಸುತ್ತವೆ. ಅಲ್ಲಿಗೆ ಬಂದದ್ದನ್ನು ನಾವು ಗೊತ್ತಿಲ್ಲದೆಯೇ ನುಂಗಿರುತ್ತೇವೆ. ಹುಟ್ಟಿದಂದಿನಿಂದ ಹಗಲೂ ರಾತ್ರಿ ನಡೆಯುವ ಈ ಕೆಲಸ ಕೆಡುವವರೆಗೂ ಯಾರ ಗಮನಕ್ಕೂ ಬರುವುದಿಲ್ಲ.

ವರ್ಷಾನುಗಟ್ಟಲೆ ಹೊಗೆ ಕುಡಿದರೆ ರೋಮಗಳು ಉದುರುತ್ತವೆ, ಲೋಳೆ ಸುರಿಸುವ ಕೋಶಗಳು ಹೆಚ್ಚುತ್ತವೆ, ಲೋಳೆ ಮಂದವಾಗುತ್ತದೆ. ಕ್ಷಯವೋ ನ್ಯುಮೋನಿಯಾವೋ ನಾಯಿಕೆಮ್ಮೋ ನಾಳದ ಗೋಡೆಯನ್ನೇ ತಿಂದಿದ್ದರೆ ಕೊಳವೆ ಸಡಿಲಾಗಿ, ಅಗಲವಾಗಿ, ಮೊದಲಿನ ಆಕಾರಕ್ಕೆ ಮರಳದಂತೆ ಉಳಿದುಬಿಡುತ್ತದೆ. ವೈದ್ಯರು ಇದಕ್ಕೆ ಬ್ರಾಂಕಿಯೆಕ್ಟೇಸಿಸ್ ಎನ್ನುತ್ತಾರೆ. ಫ್ರಾನ್ಸಿನ ಲೆನೆಕ್ ತಾನೇ ಮಾಡಿಕೊಂಡಿದ್ದ ಸ್ಟೆತಸ್ಕೋಪಿನಲ್ಲಿ ಆಲಿಸಿ, ಸತ್ತವರ ಶ್ವಾಸಕೋಶ ಬಿಡಿಸಿ ನೋಡಿ, 1819ರಲ್ಲೇ ಇದನ್ನು ವರ್ಣಿಸಿ ಬರೆದಿಟ್ಟಿದ್ದಾನೆ. ಅಗಲವಾದ ಕೊಳವೆಯಲ್ಲಿ ಕಫ ನಿಲ್ಲುತ್ತದೆ. ನಿಂತಲ್ಲಿ ರೋಗಾಣು ಬೆಳೆಯುತ್ತದೆ. ಅದನ್ನು ಕೊಲ್ಲಲು ಬಂದ ಬಿಳಿರಕ್ತಕಣಗಳು ಚೆಲ್ಲುವ ರಸ ರೋಗಾಣುವಿನ ಜೊತೆಗೆ ನಾಳದ ಗೋಡೆಯನ್ನೂ ಸುಡುತ್ತದೆ. ಕಫ ಹಸಿರಾಗುವುದೂ ಆ ಕಣಗಳೊಳಗಿನ ಒಂದು ಕಿಣ್ವದಿಂದ. ಗೋಡೆ ಸುಟ್ಟಷ್ಟೂ ಕೊಳವೆ ಅಗಲ, ಅಗಲವಾದಷ್ಟೂ ಕಫ. ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯ ಪೀಟರ್ ಕೋಲ್ 1980ರ ದಶಕದಲ್ಲಿ ಇದನ್ನು ವಿಷಚಕ್ರ ಎಂದು ವಿವರಿಸಿದರು. ಚಕ್ರದ ಯಾವ ಕೀಲಿಗೆ ಕೈಹಾಕಿದರೂ ಸರಿ, ಅದು ನಿಧಾನವಾಗಬೇಕು. ಮಾತ್ರೆಯಿಲ್ಲದೆ, ಸೂಜಿಯಿಲ್ಲದೆ, ರೋಗಿ ತನ್ನ ಕೈಯಾರೆ ಹಿಡಿಯಬಹುದಾದ ಕೀಲು ಒಂದೇ. ನಿಂತ ಕಫವನ್ನು ದಿನದಿನವೂ ಹೊರಗೆ ಹಾಕುವುದು.

ನಮ್ಮ ದೇಶದಲ್ಲಿ ಸಿಓಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಕಾಯಿಲೆ, ಇರುವವರು 2016ರ ಲೆಕ್ಕದಲ್ಲಿ ಸುಮಾರು 5.5 ಕೋಟಿ. ಬೀಡಿ ಸಿಗರೇಟಿನಿಂದ ಬಂದದ್ದು ಒಂದು ಪಾಲಾದರೆ ಒಲೆಯಿಂದ ಬಂದದ್ದು ಇನ್ನೊಂದು. ಮೈಸೂರಿನ ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಜೊತೆಗಾರರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿ 2013ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ, ಹಾಗೆ ಎಷ್ಟು ವರ್ಷ, ಎರಡನ್ನೂ ಗುಣಿಸಿ. ಗುಣಲಬ್ಧ 60 ಮುಟ್ಟಿತೆಂದರೆ ಆ ಹೆಂಗಸಿಗೆ ದೀರ್ಘಕಾಲದ ಕಫದ ಕೆಮ್ಮು ಅಂಟಿಕೊಳ್ಳುವ ಅಪಾಯ ಎದ್ದು ಕಾಣುವಷ್ಟು ಏರುತ್ತದೆ. ದಿನಕ್ಕೆ ಮೂರು ಗಂಟೆ, 20 ವರ್ಷ. ಹದಿನೈದಕ್ಕೆ ಮದುವೆಯಾಗಿ ಬಂದವಳು ಮೂವತ್ತೈದಕ್ಕೇ ಆ ಗೆರೆಯ ಮೇಲೆ ನಿಂತಿರುತ್ತಾಳೆ. ಜಗಲಿಯಲ್ಲಿ ಕೂತು ಕೆಮ್ಮುವ ಅಜ್ಜಿಯರ ಗುಣಲಬ್ಧ ಇದರ ಎರಡು ಪಟ್ಟು, ಮೂರು ಪಟ್ಟು ಇರುವುದರಲ್ಲಿ ಆಶ್ಚರ್ಯವೇನಿದೆ?

ಅಂಥ ಒಬ್ಬ ಅಜ್ಜಿಯನ್ನು ನಾನು ನೋಡಿದ್ದು ಮೈಸೂರಿನ ಒಂದು ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ. ಎದೆರೋಗದ ವಾರ್ಡ್ ದಾಟಿ, ಎಕ್ಸ್‌ರೇ ಕೋಣೆಯ ಸಾಲು ದಾಟಿ, ಕಾರಿಡಾರಿನ ತುದಿಗೆ ಬಂದರೆ ಒಳಗಿನಿಂದ ಗುಳುಗುಳು ಶಬ್ದ. ಎತ್ತರದ ಕಿಟಕಿ, ಕಬ್ಬಿಣದ ಮಂಚ, ನಾಲ್ಕು ಸ್ಟೂಲು, ಗೋಡೆಯ ಮೇಲೆ ಶ್ವಾಸಕೋಶದ ಬಣ್ಣದ ಪಟ. ಮೇಜಿನ ಮೇಲೆ ಒಂದು ಲೀಟರಿನ ಬಾಟಲಿಗಳು ಸಾಲಾಗಿ ನಿಂತಿದ್ದವು. ಒಂದೊಂದರೊಳಗೂ ಪಾರದರ್ಶಕ ಪೈಪು ಇಳಿಬಿಟ್ಟಿತ್ತು. ಅಜ್ಜಿ ಎಲೆಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೂಲಿನ ತುದಿಯಲ್ಲಿ ಕೂತಿದ್ದರು. ಎದುರಿಗೆ ಫಿಸಿಯೋ ಹುಡುಗಿ. ಇನ್ನೂ ಮೂವತ್ತು ದಾಟಿಲ್ಲದ ವಯಸ್ಸು, ಆದರೆ ಎಲ್ಲರನ್ನೂ ಕೂರಿಸಿ ಮಾತಾಡಿಸುವ ಗಟ್ಟಿ ದನಿ.

"ಮೂಗಲ್ಲಿ ಉಸಿರು ಎಳ್ಕೊಳ್ಳಿ ಅಜ್ಜಿ. ತುಂಬಾ ಬೇಡ, ಮಾಮೂಲಿಗಿಂತ ಸ್ವಲ್ಪ ಜಾಸ್ತಿ. ಹಿಡ್ಕೊಳ್ಳಿ... ಒಂದು, ಎರಡು, ಮೂರು. ಈಗ ಪೈಪಲ್ಲಿ ಊದಿ, ನಿಧಾನಕ್ಕೆ."

ಅಜ್ಜಿ ಊದಿದ ರಭಸಕ್ಕೆ ಬಾಟಲಿಯ ನೀರು ಚಿಮ್ಮಿ ಮೇಜೆಲ್ಲ ತೊಯ್ದಿತು.

"ಜೋರಾಗಿ ಬೇಡಜ್ಜಿ. ಒಲೆ ಊದಿದ ಹಂಗಲ್ಲ ಇದು."

"ಒಲೆ ಊದಿ ಊದೇ ಹಿಂಗಾಗಿರದು ಕಣವ್ವ," ಅಜ್ಜಿ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ಇಳಿಯುವವರೆಗೆ ಹುಡುಗಿ ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡಿದ್ದಳು.

ಒಲೆಯ ಪಕ್ಕದಲ್ಲಿ ಇಕ್ಕಳ, ಸೌಟಿನಷ್ಟೇ ಸಹಜವಾಗಿ ಬಿದ್ದಿರುತ್ತಿದ್ದ ಊದುಗೊಳವೆಯನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಹಸಿ ಸೌದೆ ಹೊತ್ತಿಕೊಳ್ಳದಾಗ ನೆಲಕ್ಕೆ ಬಗ್ಗಿ, ಎದೆ ತುಂಬ ಉಸಿರೆಳೆದು, ಕೊಳವೆಯಲ್ಲಿ ಊದಬೇಕು. ಊದಿದ ಮೇಲೆ ಮತ್ತೆ ಉಸಿರೆಳೆಯಬೇಕಲ್ಲ, ಆಗ ಮುಖದ ಮುಂದೆ ಇರುವುದು ಹೊಗೆಯೇ. ಮನೆಯಲ್ಲಿ ಅತಿ ಆಳವಾಗಿ ಹೊಗೆ ಕುಡಿದವಳು ಅನ್ನ ಬೇಯಿಸಿದವಳೇ. ಆ ಅಜ್ಜಿ ಈಗ ಎಪ್ಪತ್ತರ ಹತ್ತಿರದಲ್ಲಿ ಇನ್ನೊಂದು ಕೊಳವೆಯನ್ನು ಬಾಯಿಗಿಟ್ಟುಕೊಂಡು ಕೂತಿದ್ದರು. ನಾಲ್ಕನೆಯ ಸಲಕ್ಕೆ ಊದು ಹದಕ್ಕೆ ಬಂತು. ಒಂದೇ ಸಮನೆ ಗುಳ್ಳೆ, ಚಿಮ್ಮಲಿಲ್ಲ, ನಿಲ್ಲಲಿಲ್ಲ. ಹುಡುಗಿ ಬೆರಳು ಮಡಚುತ್ತಾ ಹತ್ತರವರೆಗೆ ಎಣಿಸಿದಳು.

ನೋಡಲು ಮಕ್ಕಳಾಟದಂತಿರುವ ಇದರ ಒಳಗಿನ ಲೆಕ್ಕ ಬಹಳ ಕರಾರುವಾಕ್ಕು. ಪೈಪಿನ ತುದಿ ನೀರಿನ ಮೇಲ್ಮೈಯಿಂದ 10 ಸೆಂಟಿಮೀಟರ್ ಕೆಳಗಿದ್ದರೆ, ಅಷ್ಟು ನೀರಿನ ಒತ್ತಡವನ್ನು ಮೀರಿದ ಉಸಿರು ಮಾತ್ರ ಗುಳ್ಳೆಯಾಗಿ ಹೊರಬರುತ್ತದೆ. ಆ ಒತ್ತಡ ಹಿಂದಕ್ಕೂ ಕೆಲಸ ಮಾಡುತ್ತದೆ, ಬಾಯಿಂದ ಗಂಟಲಿಗೆ, ಗಂಟಲಿಂದ ಸಣ್ಣ ಸಣ್ಣ ನಾಳಗಳವರೆಗೆ. ರೋಗದಿಂದ ಬಿಗಿ ಕಳೆದುಕೊಂಡ ನಾಳಗಳು ಉಸಿರು ಬಿಡುವಾಗ ಮುಚ್ಚಿಕೊಳ್ಳುತ್ತವೆ, ಗಾಳಿಯೂ ಕಫವೂ ಹಿಂದೆ ಸಿಕ್ಕಿಕೊಳ್ಳುತ್ತವೆ. ಒತ್ತಡ ಅವನ್ನು ತೆರೆದಿಡುತ್ತದೆ. ಗಾಳಿಗೂಡುಗಳ ನಡುವೆ ಇರುವ ಸೂಕ್ಷ್ಮ ಕಿಂಡಿಗಳ ಮೂಲಕ ಗಾಳಿ ನುಸುಳಿ ಕಫದ ಹಿಂಬದಿಗೆ ಹೋಗಿ ಸೇರುತ್ತದೆ. ಹಿಂದೆ ಗಾಳಿಯಿಲ್ಲದೆ ಎಷ್ಟು ಕೆಮ್ಮಿದರೂ ಕಫ ಮುಂದಕ್ಕೆ ಸರಿಯದು. ಮುಂಜಾವಿನ ಆ ಬರಿದೇ ಒದ್ದಾಟ ಇದೇ. ಜೊತೆಗೆ ಒಂದೊಂದು ಗುಳ್ಳೆ ಒಡೆದಾಗಲೂ ಸಣ್ಣ ನಡುಕ ಉಸಿರಿನ ಕಂಬದಲ್ಲಿ ಹಿಂದಕ್ಕೆ ಸಾಗುತ್ತದೆ. ಅಲುಗಾಡಿಸಿದಷ್ಟೂ ತೆಳ್ಳಗಾಗುವುದು ಕಫದ ಗುಣ.

ಉಸಿರು ಬಿಡುವಾಗ ತಡೆ ಒಡ್ಡುವ ಈ ವಿಧಾನವನ್ನು ಮುಖವಾಡದ ರೂಪದಲ್ಲಿ ಬೆಳೆಸಿದವರು ಡೆನ್ಮಾರ್ಕಿನವರು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುರೋಗದಲ್ಲಿ ಕಫ ಅಂಟಂಟಾಗುವ ರೋಗಿಗಳಿಗಾಗಿ ಮಾಡಿದ ಕೆಲಸ ಅದು. 1984ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ತಲೆಬರಹದಲ್ಲಿ ಕೆಚಪ್ ಬಾಟಲಿ ಬರುತ್ತದೆ. ಅಲ್ಲಿಯವರೆಗೆ ನಡೆಯುತ್ತಿದ್ದ, ರೋಗಿಯನ್ನು ತಲೆಕೆಳಗು ಮಾಡಿ ಬೆನ್ನು ತಟ್ಟುವ ಪದ್ಧತಿಗೆ ಅವರು ಕೊಟ್ಟ ಹೆಸರು ಅದು.

"ಇದು ನಮ್ ಲೆವೆಲ್ ಪೈಪ್ ಅಲ್ವಾ?" ಬಾಗಿಲ ಹತ್ತಿರ ನಿಂತಿದ್ದ ಅಜ್ಜಿಯ ಮೊಮ್ಮಗ ಕೇಳಿದ. ಗಾರೆ ಕೆಲಸದವನು. ಗೋಡೆಯ ಮಟ್ಟ ನೋಡಲು ನೀರು ತುಂಬಿ ಹಿಡಿಯುವ ಪೈಪು ಅವನ ಕೈಗೆ ದಿನವೂ ಬರುತ್ತದೆ.

"ಅದೇ ಅಳತೆ. ಆದ್ರೆ ಕೆಲಸಕ್ಕೆ ಬಳಸಿದ್ದು ಬೇಡಪ್ಪ, ಹೊಸದು ತನ್ನಿ. ಗ್ಲೂಕೋಸ್ ಹಾಕೋ ಪೈಪ್ ಮಾತ್ರ ತರಬೇಡಿ. ಸಣ್ಣ ಆಯ್ತು ಅಂದ್ರೆ ನೀರಿಗಿಂತ ಪೈಪೇ ಜಾಸ್ತಿ ತಡೆಯುತ್ತೆ, ಅಜ್ಜಿಗೆ ಸುಸ್ತಾಗುತ್ತೆ. ಬಾಟಲಿ ಬಾಯಿ ಮುಚ್ಚಬಾರದು, ಗಾಳಿ ಹೋಗೋಕೆ ಜಾಗ ಬೇಕು. ಮತ್ತೆ ಅಜ್ಜಿ, ಪೈಪಲ್ಲಿ ಉಸಿರು ಎಳೀಬಾರದು. ಎಳಿಯೋದು ಮೂಗಲ್ಲಿ, ಬಿಡೋದು ಪೈಪಲ್ಲಿ. ಒಂದೊಂದು ಸಲಕ್ಕೂ ಹೊಸ ನೀರು. ಆದ್ಮೇಲೆ ಸೋಪು ಹಾಕಿ ತೊಳೆದು ಒಣಗಿಸಿಡಿ. ಎದೆಗೆ ಹೋಗೋ ಗಾಳಿ ಇದು, ಪಾಚಿ ಕಟ್ಟಿದ ಬಾಟಲಿ ಆಗಬಾರದು."

ಹತ್ತು ಸಲ ಊದಿದ ಮೇಲೆ ಅರೆಕ್ಷಣ ಸುಮ್ಮನೆ ಉಸಿರಾಟ. ಅನಂತರ ಹಫ್. ಇಡೀ ಪಾಠದಲ್ಲಿ ಕಲಿಸಲು ಅತಿ ಕಷ್ಟವಾದದ್ದು ಇದೇ ಎಂದಳು ಹುಡುಗಿ. ಕೆಮ್ಮುವಾಗ ಗಂಟಲು ಮೊದಲು ಬಿಗಿಯಾಗಿ ಮುಚ್ಚಿ, ಆಮೇಲೆ ಸಿಡಿಯುತ್ತದೆ. ಆ ಒತ್ತಡಕ್ಕೆ ಸಡಿಲ ನಾಳಗಳು ಹಿಸುಕಿ ಹೋಗುತ್ತವೆ. ಹಫ್ ಮಾಡುವಾಗ ಗಂಟಲು ತೆರೆದೇ ಇರಬೇಕು, ಹೊಟ್ಟೆಯಿಂದ ಗಾಳಿಯನ್ನು ಹಾ ಎಂದು ತಳ್ಳಬೇಕು. ಇಂಗ್ಲೆಂಡಿನ ಬ್ರಾಂಪ್ಟನ್ ಆಸ್ಪತ್ರೆಯ ಫಿಸಿಯೋಥೆರಪಿಸ್ಟರಾದ ಜೆನಿಫರ್ ಪ್ರಯರ್ ಮತ್ತು ಬಾರ್ಬರಾ ವೆಬ್ಬರ್ ಅಲ್ಲಿನ ವೈದ್ಯರ ಜೊತೆ ಸೇರಿ 1979ರಲ್ಲಿ ಈ ಹಫ್‌ನ ಉಪಯೋಗವನ್ನು ತೋರಿಸಿಕೊಟ್ಟರು. ಈಗ ಜಗತ್ತಿನ ಎಲ್ಲ ಕಡೆ ಕಲಿಸುವುದು ಅದರಿಂದ ಬೆಳೆದ ಕ್ರಮವನ್ನೇ. ನಮ್ಮ ಹುಡುಗಿ ಪಕ್ಕದ ಸ್ಟೂಲಿನಲ್ಲಿದ್ದ ನಿವೃತ್ತ ಮೇಷ್ಟ್ರ ಕಡೆ ತಿರುಗಿ, "ಸರ್, ನೀವು ಕನ್ನಡಕ ಒರೆಸೋಕೆ ಮುಂಚೆ ಏನ್ ಮಾಡ್ತೀರಿ, ತೋರಿಸಿ" ಎಂದಳು. ಮೇಷ್ಟ್ರು ಕನ್ನಡಕ ತೆಗೆದು ಗಾಜಿನ ಮೇಲೆ ಹಾ ಎಂದರು. ಗಾಜು ಮಂಜಾಯಿತು. "ಅಷ್ಟೇ ಅಜ್ಜಿ. ಅದನ್ನೇ ಸ್ವಲ್ಪ ಜೋರಾಗಿ, ಉದ್ದಕ್ಕೆ." ಅಜ್ಜಿ ಹಾ ಎಂದರು. ಎರಡನೆಯದಕ್ಕೆ ಒಳಗೆ ಗೊರಗೊರ ಮೇಲೇರುವುದು ನನಗೂ ಕೇಳಿಸಿತು. ಮೂರನೆಯದರ ಹಿಂದೆ ಒಂದೇ ಒಂದು ಸಣ್ಣ ಕೆಮ್ಮು, ಕಫ ಬಟ್ಟಲಿಗೆ ಬಂತು. ಅಜ್ಜಿ ಬಟ್ಟಲನ್ನೂ ಹುಡುಗಿಯನ್ನೂ ನೋಡಿದರು. "ಇಷ್ಟ್ ಸಲೀಸಾಗಿ ಯಾವತ್ತೂ ಬಂದಿರ್ನಿಲ್ಲ," ಎಂದರು.

ಮೇಷ್ಟ್ರ ಕಥೆ ಬೇರೆ. ತರುಣರಿದ್ದಾಗ ಅವರಿಗೆ ಕ್ಷಯ ಬಂದಿತ್ತು. ಕೆಆರ್‌ಎಸ್ ರಸ್ತೆಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ, ಆ ರೋಗಕ್ಕೇ ಬಲಿಯಾದ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ ಇದೆಯಲ್ಲ, ಅಲ್ಲಿ ಚಿಕಿತ್ಸೆ. ಮಾತ್ರೆಗಳನ್ನು ಒಂದು ದಿನವೂ ತಪ್ಪಿಸದೆ ನುಂಗಿ ಗುಣವಾದರು. ರೋಗಾಣು ಹೋಯಿತು, ಅದು ತಿಂದ ಜಾಗ ಉಳಿಯಿತು. ಬಲಗಡೆ ಮೇಲ್ಭಾಗದಲ್ಲಿ ನಾಳಗಳು ಅಗಲವಾಗಿ ಹರಡಿಕೊಂಡಿರುವುದು ಸಿ.ಟಿ. ಚಿತ್ರದಲ್ಲಿ ಕಾಣುತ್ತದೆ. ಪ್ರತಿ ಮಳೆಗಾಲಕ್ಕೂ ಜ್ವರ, ಹಸಿರು ಕಫ, ಆಂಟಿಬಯೋಟಿಕ್. "ಬಸ್ಸಲ್ಲಿ ಒಂದು ಸಲ ಕೆಮ್ಮಿದ್ರೆ ಪಕ್ಕದ ಸೀಟು ಖಾಲಿ. ಟಿ.ಬಿ. ವಾಸಿಯಾಗಿದೆ ಅಂತ ಹಣೆ ಮೇಲೆ ಬರ್ಕೊಂಡು ಓಡಾಡಕ್ಕಾಗುತ್ತಾ?" ಎಂದು ಕೇಳಿದರು. ಇವರಂಥವರು ಒಬ್ಬಿಬ್ಬರಲ್ಲ. ಭಾರತದ 31 ಕೇಂದ್ರಗಳಲ್ಲಿ 2,195 ಬ್ರಾಂಕಿಯೆಕ್ಟೇಸಿಸ್ ರೋಗಿಗಳನ್ನು ದಾಖಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲಕ್ಕಿಂತ ದೊಡ್ಡ ಕಾರಣವಾಗಿ ಕಂಡದ್ದು ಹಳೆಯ ಕ್ಷಯವೇ, ನೂರಕ್ಕೆ 35.5 ಪಾಲು. ಯೂರೋಪಿನ ರೋಗಿಗಳಲ್ಲಿ ಕ್ಷಯದ ಪಾಲು ತೀರ ಕಡಿಮೆ. ಕ್ಷಯ ಗುಣವಾಯಿತು ಎಂದು ಕಾರ್ಡಿನಲ್ಲಿ ಬರೆದು ಕಳಿಸುವ ದಿನವೇ ಉಸಿರಿನ ಈ ಪಾಠವನ್ನೂ ಹೇಳಿ ಕಳಿಸಬೇಕು. ಆರು ತಿಂಗಳು ಮಾತ್ರೆ ನುಂಗುವ ಶಿಸ್ತು ಕಲಿತವರಿಗೆ ದಿನಕ್ಕೆ ಎರಡು ಸಲ ಊದುವ ಶಿಸ್ತು ಭಾರವಾಗುವುದಿಲ್ಲ.

ಮೇಷ್ಟ್ರ ಕೈಯಲ್ಲಿದ್ದದ್ದು ಫ್ಲಟರ್. ತಂಬಾಕಿನ ಪೈಪಿನ ಆಕಾರದ ಪುಟ್ಟ ಸಾಧನ, ಹುಟ್ಟೂರು ಸ್ವಿಟ್ಜರ್ಲೆಂಡ್. ಅದರ ಬಟ್ಟಲಿನೊಳಗೆ ಒಂದು ಉಕ್ಕಿನ ಗುಂಡು, ಮೇಲೆ ತೂತುಗಳ ಮುಚ್ಚಳ. ಊದಿದರೆ ಉಸಿರು ಗುಂಡನ್ನು ಎತ್ತುತ್ತದೆ, ಭಾರಕ್ಕೆ ಗುಂಡು ಮತ್ತೆ ಬೀಳುತ್ತದೆ, ಸೆಕೆಂಡಿಗೆ ಹತ್ತಾರು ಸಲ. ಟರ್‌ರ್‌ರ್ ಎಂಬ ಸದ್ದು. ಬಟ್ಟಲನ್ನು ಒಂದಿಷ್ಟು ಮೇಲಕ್ಕೋ ಕೆಳಕ್ಕೋ ವಾಲಿಸಿದರೆ ನಡುಕದ ವೇಗ ಬದಲಾಗುತ್ತದೆ. ನಡುಕ ತನ್ನ ಎದೆಗೆ ಹೊಂದುವ ಕೋನವನ್ನು ರೋಗಿಯೇ ಹುಡುಕಿಕೊಳ್ಳಬೇಕು. ಮೇಷ್ಟ್ರು ಎಡಗೈಯನ್ನು ಬಲ ಎದೆಯ ಮೇಲೆ ಇಟ್ಟುಕೊಂಡು ಊದುತ್ತಾ, ಕೊಂಚ ವಾಲಿಸುತ್ತಾ, ಒಂದು ಕೋನಕ್ಕೆ ಬಂದಾಗ ಕಣ್ಣಲ್ಲೇ ಇಲ್ಲಿ ಎಂದು ಸೂಚಿಸಿದರು. ನನ್ನ ಅಂಗೈಯನ್ನೂ ಅಲ್ಲಿಗೆ ಒಯ್ದು ಇಟ್ಟರು. ಅಂಗಿಯ ಅಡಿಯಲ್ಲಿ ಪಕ್ಕೆಲುಬು ಸಣ್ಣಗೆ ಗುಂಯ್‌ಗುಡುತ್ತಿತ್ತು.

ಗುಂಡು ಕೂತು ಊದುವವರಿಗೆ ಸರಿ. ಮಲಗಿದವರಿಗೆ, ಒಂದು ಮಗ್ಗುಲಾಗಿಯೇ ಕಫ ಇಳಿಸಬೇಕಾದವರಿಗೆ ಅಕಾಪೆಲ್ಲಾ ಎಂಬ ಇನ್ನೊಂದಿದೆ. ಅದರಲ್ಲಿ ಗುಂಡಿನ ಬದಲು ಒಂದು ಸನ್ನೆ, ಅದನ್ನು ಸೆಳೆಯುವ ಅಯಸ್ಕಾಂತ. ಹೇಗೆ ಹಿಡಿದರೂ ನಡುಗುತ್ತದೆ. ಉಸಿರಿನ ಬಲ ಹೆಚ್ಚಿರುವವರಿಗೆ ಹಸಿರು, ಕಡಿಮೆ ಇರುವವರಿಗೆ ನೀಲಿ. ಕೆನಡಾದಿಂದ ಬಂದ ಏರೋಬಿಕಾವನ್ನು ನೆಬುಲೈಸರಿಗೆ ಜೋಡಿಸಿಕೊಳ್ಳಬಹುದು. ಇವುಗಳಲ್ಲಿ ಯಾವುದು ಮೇಲು ಎಂದು ಕೇಳುವವರೇ ಎಲ್ಲರೂ. ಒಂದು ಇನ್ನೊಂದಕ್ಕಿಂತ ಗಣನೀಯವಾಗಿ ಮೇಲು ಎಂದು ಅಧ್ಯಯನಗಳು ತೋರಿಸಿಲ್ಲ. ನಾನು ಕಂಡ ಮಟ್ಟಿಗೆ, ಬೆಲೆಬಾಳುವ ಸಾಧನ ಕಪಾಟಿನಲ್ಲಿ ದೂಳು ತಿನ್ನುವ ಮನೆಗಿಂತ ಬಾಟಲಿಯಲ್ಲಿ ದಿನವೂ ಗುಳ್ಳೆ ಏಳುವ ಮನೆಯಲ್ಲಿ ಕೆಮ್ಮು ಹತೋಟಿಯಲ್ಲಿದೆ.

ಇವೆಲ್ಲ ಬರುವ ಮೊದಲು ಇದ್ದದ್ದು ಕೈ. ಲಂಡನ್ನಿನ ವೈದ್ಯ ವಿಲಿಯಂ ಯೂವರ್ಟ್ 1901ರಲ್ಲೇ ಬರೆದಂತೆ, ಕಫ ನಿಂತ ಭಾಗ ಮೇಲಾಗುವ ಹಾಗೆ ರೋಗಿಯನ್ನು ಇಳಿಜಾರಾಗಿ ಮಲಗಿಸಿ ತಾನೇ ಇಳಿಯಲು ಬಿಡುವುದು, ಅಂಗೈ ಗುಳಿ ಮಾಡಿಕೊಂಡು ಬೆನ್ನು ತಟ್ಟುವುದು. ಮೇಷ್ಟ್ರ ಬೆನ್ನನ್ನು ಅವರ ಮನೆಯವರು ವರ್ಷಗಟ್ಟಲೆ ತಟ್ಟಿದ್ದಾರೆ. "ಪಾಪ, ಅವಳ ಮಣಿಕಟ್ಟು ನೋಯ್ತಿತ್ತು. ನೋಯುತ್ತೆ ಅಂತ ಹೇಳ್ತಿರಲಿಲ್ಲ, ನಾನು ಸಾಕು ಅಂತ ಸುಳ್ಳು ಹೇಳ್ತಿದ್ದೆ," ಎಂದರು ಮೇಷ್ಟ್ರು. ಈ ಪುಟ್ಟ ಸಾಧನಗಳ ದೊಡ್ಡ ಉಪಕಾರ ನನಗೆ ಅರ್ಥವಾದದ್ದು ಆ ಮಾತಿನಲ್ಲಿ. ತನ್ನ ಎದೆಯನ್ನು ತಾನೇ ಹಸನು ಮಾಡಿಕೊಳ್ಳಬಹುದು, ಇನ್ನೊಬ್ಬರ ಬಿಡುವಿಗೆ, ಕೈನೋವಿಗೆ ಕಾಯಬೇಕಿಲ್ಲ. ಈಗ ಅವರು ತಮ್ಮ ಕಫದ ಅಳತೆಯನ್ನು, ಬಣ್ಣವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಬಣ್ಣ ಗಾಢವಾಗಿ ಅಳತೆ ಹೆಚ್ಚಿದ ದಿನ ಜ್ವರಕ್ಕೆ ಕಾಯದೆ ಡಾಕ್ಟರಿಗೆ ಫೋನು.

ಮೂಲೆಯಲ್ಲಿ ಒಬ್ಬ ಹುಡುಗ, ಎಂಟರ ಆಸುಪಾಸು, ಬಾಟಲಿಯಲ್ಲಿ ಊದುತ್ತಾ ತಾಯಿಯ ಸೀರೆಯನ್ನೆಲ್ಲ ನೊರೆ ಮಾಡಿದ್ದ. ಮಕ್ಕಳ ಬಾಟಲಿಗೆ ಪಾತ್ರೆ ತೊಳೆಯುವ ಸೋಪಿನ ದ್ರವ ಒಂದು ಹನಿ ಹಾಕುತ್ತಾರೆ. ನೊರೆ ಬಾಟಲಿಯ ಬಾಯಿ ಮೀರಿ ಉಕ್ಕಿ ಟ್ರೇಗೆ ಇಳಿಯಬೇಕು, ಅದೇ ಪಂದ್ಯ. ಈ ಹುಡುಗನಿಗೆ ಹೃದಯ ಬಲಗಡೆಗಿದೆ. ಅವನ ಶ್ವಾಸನಾಳದ ರೋಮಗಳು ಹುಟ್ಟಿನಿಂದಲೇ ಸರಿಯಾಗಿ ಬಡಿಯುವುದಿಲ್ಲ. ತಾಯಿಯ ಗರ್ಭದಲ್ಲಿ ಅಂಗಗಳು ಎಡ ಬಲ ತಿಳಿಯುವುದೂ ಅಂಥವೇ ರೋಮಗಳ ಚಲನೆಯಿಂದ. ಅದು ಇಲ್ಲದಿದ್ದರೆ ಅಂಗ ಯಾವ ಕಡೆ ಬೆಳೆಯುವುದೋ ಹೇಳಲಾಗದು, ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅಂಗಗಳು ಅದಲುಬದಲು. ಜ್ಯೂರಿಕ್ಕಿನ ಕಾರ್ಟಗೆನರ್ 1933ರಲ್ಲಿ ಅಂಗಗಳ ಅದಲುಬದಲೂ ಶ್ವಾಸನಾಳದ ತೊಂದರೆಯೂ ಜೊತೆಯಾಗಿ ಬರುವುದನ್ನು ವಿವರಿಸಿದ. ಹುಡುಗನಿಗೆ ಇದೊಂದೂ ಬೇಕಿಲ್ಲ. ನೊರೆ ಟ್ರೇಯ ಅಂಚು ದಾಟಿತೆ ಎಂಬುದಷ್ಟೇ ಅವನ ಚಿಂತೆ. "ಇನ್ನೆರಡು ಸಲ ಕಂದ," ಎಂದು ತಾಯಿ. ಅವನು ಜೀವಮಾನವಿಡೀ ಊದಬೇಕಾದವನು.

ಕೋಣೆಯಲ್ಲಿ ಅಜ್ಜಿ, ಮೇಷ್ಟ್ರು, ಹುಡುಗ ಎಲ್ಲರೂ ಎಲ್ಲರೆದುರಿಗೆ ಉಗುಳುತ್ತಿದ್ದರು. ಪರದೆಯಾಚೆಗೆ ಒಬ್ಬ ತರುಣಿ ಮಾತ್ರ ಹಾಗೆ ಮಾಡಲಾರದೆ ಕೂತಿದ್ದಳು. ಗಂಡಸರ ಮುಂದೆ, ಅತ್ತೆಮಾವನ ಮನೆಯಲ್ಲಿ ಕ್ಯಾಕರಿಸಿ ಉಗುಳುವುದು ಹೇಗೆ? ಬಂದದ್ದನ್ನು ನುಂಗಿ, ಕೆಮ್ಮು ಬಂದರೆ ಸೆರಗು ಬಾಯಿಗೆ ಒತ್ತಿಕೊಂಡು ವರ್ಷ ಕಳೆದಿದ್ದಾಳೆ. ನಮ್ಮ ಹೆಣ್ಣುಮಕ್ಕಳಲ್ಲಿ ರೋಗ ಗೊತ್ತಾಗುವುದು ತಡವಾಗಲು ಈ ನಾಚಿಕೆಯೂ ಕಾರಣ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಫಿಸಿಯೋ ಹುಡುಗಿ ಪರದೆಯನ್ನು ಪೂರ್ತಿ ಎಳೆದು, ತಾನೂ ಒಳಗೆ ಹೋಗಿ, ತಾನೇ ಮೊದಲು ಜೋರಾಗಿ ಹಫ್ ಮಾಡಿ ತೋರಿಸಿದಳು.

ಒಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ಮೆಡಿಕಲ್ ಶಾಪಿಗೆ ಹೋಗಿ ಕಫ ತೆಗೆಯುವ ಊದೋ ಮೆಷಿನ್ ಕೊಡಿ ಎಂದರೆ ಮೂರು ಬಣ್ಣದ ಚೆಂಡುಗಳಿರುವ ಪ್ಲಾಸ್ಟಿಕ್ ಸಾಧನವನ್ನು ಕೊಟ್ಟಾರು. ಕೊರೊನಾ ಕಾಲದಲ್ಲಿ ಮನೆಮನೆಗೂ ಬಂದದ್ದು ಅದು. ಆದರೆ ಅದು ಊದುವುದಕ್ಕಲ್ಲ, ಉಸಿರು ಒಳಗೆ ಎಳೆಯುವುದಕ್ಕೆ. ಮುಖ್ಯವಾಗಿ ಆಪರೇಷನ್ ಆದವರು ಆಳವಾಗಿ ಉಸಿರೆಳೆಯಲಿ ಎಂದು ಮಾಡಿದ್ದು. ಅದರಲ್ಲಿ ಎಷ್ಟು ಊದಿದರೂ ಕಫಕ್ಕೆ ಬೇಕಾದ ತಡೆಯೂ ಸಿಗದು, ನಡುಕವೂ ಸಿಗದು.

ಇನ್ನೊಂದು ತುದಿಯಲ್ಲಿ, ಮಿನೆಸೋಟಾ ವಿಶ್ವವಿದ್ಯಾಲಯದ ವಾರನ್ ವಾರ್ವಿಕ್ ಬಳಕೆಗೆ ತಂದ ಗಾಳಿತುಂಬುವ ಅಂಗಿ ಇದೆ. ತೊಟ್ಟು ಕೂತರೆ ಯಂತ್ರವೇ ಇಡೀ ಎದೆಯನ್ನು ನಡುಗಿಸುತ್ತದೆ. ಊದುವ ಶಕ್ತಿಯೇ ಇಲ್ಲದವರಿಗೆ ಅದು ವರ. ಬೆಲೆ ಲಕ್ಷಗಳಲ್ಲಿ.

ಊದುವುದರಿಂದ ಆಗುವುದೆಷ್ಟು ಎಂಬುದನ್ನೂ ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ಎಡಿನ್‌ಬರೋದಲ್ಲಿ 20 ಬ್ರಾಂಕಿಯೆಕ್ಟೇಸಿಸ್ ರೋಗಿಗಳು ದಿನಕ್ಕೆ ಎರಡು ಸಲ, ಮೂರು ತಿಂಗಳು ಅಕಾಪೆಲ್ಲಾ ಊದಿದರು. ಊದದೆ ಕಳೆದ ಮೂರು ತಿಂಗಳಿಗಿಂತ ಹೆಚ್ಚು ಕಫ ಹೊರಬಂತು, ಕೆಮ್ಮಿನ ಕಾಟ ತಗ್ಗಿತು, ನಡೆಯುವ ಶಕ್ತಿ ಹೆಚ್ಚಿತು. 2009ರ ಮಾತು. 2023ರಲ್ಲಿ ಲಂಡನ್ನಿನಿಂದ ಪ್ರಕಟವಾದ, ಕಫದ ತೊಂದರೆಯಿದ್ದ 122 ಸಿಓಪಿಡಿ ರೋಗಿಗಳ ಅಧ್ಯಯನದಲ್ಲೂ ಕೆಮ್ಮಿನ ಕಾಟ ಕಡಿಮೆಯಾಯಿತು. ಹಾಳಾದ ಶ್ವಾಸಕೋಶ ಇದರಿಂದ ಮರಳಿ ಬರುವುದಿಲ್ಲ. ಇನ್‌ಹೇಲರ್ ಪಂಪು, ಮಾತ್ರೆ ಬಿಡುವ ಹಾಗಿಲ್ಲ. ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ನಿಂತವರು ಊದಲೇಬಾರದು. ಕಫದಲ್ಲಿ ರಕ್ತ ಬಂದರೆ, ಎದೆಯಲ್ಲಿ ಇದ್ದಕ್ಕಿದ್ದಂತೆ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಬರಬೇಕು. ಹುಡುಗಿ ಇದನ್ನು ಅಜ್ಜಿಗೂ ಮೊಮ್ಮಗನಿಗೂ ಬೇರೆಬೇರೆಯಾಗಿ ಹೇಳಿ, ಇಬ್ಬರ ಬಾಯಿಂದಲೂ ಮತ್ತೆ ಹೇಳಿಸಿದಳು.

ಕೆಲವು ವಾರಗಳ ಮೇಲೆ ಅಜ್ಜಿಯ ಊರಿಗೆ ಹೋದಾಗ ಹೊತ್ತು ಇಳಿಯುತ್ತಿತ್ತು. ಬಾಟಲಿ ತುಳಸಿಕಟ್ಟೆಯ ಮೇಲೆ ಬೋರಲಾಗಿ ಒಣಗುತ್ತಿತ್ತು. ನೀರಿನ ಮಟ್ಟ ತಪ್ಪದಿರಲೆಂದು ಮೊಮ್ಮಗಳು ಅದರ ಮೇಲೆ ನೇಲ್‌ಪಾಲಿಷಿನಲ್ಲಿ ಗೆರೆ ಎಳೆದಿದ್ದಳು. ಊಟಕ್ಕೆ ಮುಂಚೆ, ಪಂಪು ಎಳೆದು ಹತ್ತು ನಿಮಿಷ ಬಿಟ್ಟು, ಅಜ್ಜಿ ಊದಲು ಕೂರುತ್ತಾರೆ. ಮುಂಜಾನೆ ಒಂದು ಸಲ, ಸಂಜೆ ಒಂದು ಸಲ. "ಏದುಸಿರು ಹೋಗಿಲ್ಲ ಕಣಪ್ಪ. ದೇವಸ್ಥಾನದ ದಿಬ್ಬ ಹತ್ತುವಾಗ ಈಗ್ಲೂ ಎರಡ್ ಕಡೆ ಕೂತ್ಕತೀನಿ. ಆದ್ರೆ ಬೆಳಗಾಗೆದ್ದು ಒದ್ದಾಡದು ನಿಂತದೆ. ಅರೆಗಳಿಗೇಲಿ ಬುಟ್ಟೋಯ್ತದೆ, ಎದೆ ಹಗುರಾಯ್ತದೆ."

ಹೇಳುತ್ತಿದ್ದಂತೆ ಹೊಗೆ ಬಂತು. ಅಡುಗೆಮನೆಯಲ್ಲಿ ಗ್ಯಾಸ್ ಇದೆ. ಬಚ್ಚಲ ಹಂಡೆಗೆ ಮಾತ್ರ ಇವತ್ತಿಗೂ ತೆಂಗಿನ ಮಟ್ಟೆ, ಹತ್ತಿ ಕಡ್ಡಿ. ನೀರೊಲೆ ಹೊತ್ತಿಸುವುದು ತನ್ನ ಕೆಲಸ ಎಂದೇ ಅಜ್ಜಿ ಇಟ್ಟುಕೊಂಡಿದ್ದಾರಂತೆ, ಎದೆ ಹಗುರ ಮಾಡಿಕೊಂಡು ನೇರ ಬಚ್ಚಲಿಗೆ. ಸೊಸೆ ಬಾಗಿಲಿಗೆ ಬಂದು, "ಆ ಮೇಡಂ ಫೋನಲ್ಲಿ ಬೈದವ್ರೆ. ನಾಳೆಯಿಂದ ನೀವು ಬಚ್ಚಲ ಕಡೆ ಬರಕೂಡದು ಅತ್ತೆ, ನಾನೇ ಹೊತ್ತಿಸ್ತೀನಿ," ಎಂದಳು. "ನಿಂಗೆಲ್ಲಿ ಹತ್ತದೆ ಆ ಒಲೆ," ಎಂದರು ಅಜ್ಜಿ. ಸೊಸೆಯ ಮದುವೆಯಾಗಿ ಎಷ್ಟು ವರ್ಷ ಎಂದು ನಾನು ಕೇಳಿದೆ. ಹದಿನಾರು ಎಂದಳು. ಗ್ಯಾಸ್ ಬಂದದ್ದು ಈಚೆಗೆ. ಮನಸ್ಸಿನಲ್ಲೇ ಗುಣಿಸಿ ನೋಡಿದೆ. ಅರವತ್ತರ ಗೆರೆ ದೂರವಿರಲಿಲ್ಲ. ಅದನ್ನು ಅಲ್ಲೇ ಅವರಿಗೆಲ್ಲ ಬಿಡಿಸಿ ಹೇಳಿದೆ.

ಕಬ್ಬಿನ ದುಡ್ಡು ಬಂದ ಮೇಲೆ ಸೋಲಾರ್ ಹಾಕಿಸೋಣ ಎಂದ ಮಗ. ಕಬ್ಬಿನ ದುಡ್ಡು ಯಾವ ವರ್ಷ ಹೊತ್ತಿಗೆ ಸರಿಯಾಗಿ ಬಂದಿದೆ ಎಂದು ಅಜ್ಜಿ ಕೇಳಿದರು. ಮೊಮ್ಮಗ ಬಚ್ಚಲನ್ನು ಒಳಗೂ ಹೊರಗೂ ನೋಡಿ ಬಂದ. "ಭಾನುವಾರ ಕೆಲಸ ಇರಲ್ಲ. ಹಂಡೆನ ಹಿತ್ತಿಲಿಗೆ ಎತ್ತಿ ಅಲ್ಲೇ ಒಲೆ ಕಟ್ಬುಡ್ತೀನಿ. ಇಟ್ಟಿಗೆ ಅವೆ. ಅರ್ಧ ಮೂಟೆ ಸಿಮೆಂಟು, ಹೊಗೆ ಹೋಗಕ್ಕೆ ಒಂದು ಪೈಪು ತರ್ಸಿ ಸಾಕು," ಎಂದ. ಅಜ್ಜಿ ಎದ್ದು ಹಿತ್ತಿಲ ಬಾಗಿಲಿಗೆ ನಡೆದರು. ಆಷಾಢದ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಒಲೆಯ ಬಾಯಿ ಎತ್ತ ತಿರುಗಿದರೆ ಹೊಗೆ ಮನೆಗೆ ನುಗ್ಗದೆ ಗದ್ದೆಯ ಕಡೆ ಹೋಗುತ್ತದೆ ಎಂದು ಕೈನೀಟಿ ತೋರಿಸುತ್ತಾ, ಕೊಟ್ಟಿಗೆಯ ಗೋಡೆಗೆ ತೀರ ಹತ್ತಿರ ಕಟ್ಟಬೇಡ ಎಂದು ಅವನಿಗೆ ಹೇಳತೊಡಗಿದರು.